ಪಂಕ್ಚರಾದ ಸೈಕಲು: ನಮ್ಮ ಕೈಯೋ, ಅಂಗಡಿಯೋ?

ಕೂಲಿ, ಬೋನಸ್, ಮನೆ ರಿಪೇರಿ ಮುಂತಾದ ವಿಷಯಗಳನ್ನು ಬರೆಯುವ ಈ ಪುಟದಲ್ಲಿ ಸೈಕಲಿನ ಪಂಕ್ಚರಿನ ಕುರಿತು ಬರೆಯುವುದೇ ಎಂದು ಕೆಲವು ವಾಚಕರು ನಗಬಹುದು. ಆದರೆ ಕೂಲಿ ಹೆಚ್ಚಬೇಕೆಂದು ಕೇಳುವುದು ಎಷ್ಟು ಅಗತ್ಯವೋ, ಕೈಗೆ ಬಂದ ಕೂಲಿ ಎಲ್ಲೆಲ್ಲಿ ಸೋರಿಹೋಗುತ್ತದೆಂದು ನೋಡುವುದೂ ಅಷ್ಟೇ ಅಗತ್ಯ. ಟ್ಯೂಬಿನ ತೂತಿನಿಂದ ಗಾಳಿ ಮಾತ್ರ ಹೋಗುವುದಲ್ಲ. ಅನೇಕ ಸಲ ಅರ್ಧ ದಿನದ ಸಂಬಳವೂ, ಮಕ್ಕಳ ಒಂದು ದಿನದ ಪಾಠವೂ ಅದರೊಂದಿಗೆ ಹೋಗುತ್ತದೆ.

ನಮ್ಮ ಜಿಲ್ಲೆಯ ನೆಲದ ಸ್ವರೂಪ ಎಲ್ಲರಿಗೂ ಗೊತ್ತು. ಪೂರ್ವದ ಗುಡ್ಡಗಳಲ್ಲಿ ರಬ್ಬರು, ಮುರಕಲ್ಲಿನ ಬೋಳುಗುಡ್ಡಗಳಲ್ಲಿ ಗೇರು. 1962ರಲ್ಲಿ ಸ್ಥಾಪನೆಯಾದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರುತೋಟಗಳೂ ಇಲ್ಲಿವೆ. ತೋಟವೂ ಲೈನುಮನೆಯೂ ಗುಡ್ಡದ ಮೇಲೆ, ಅಂಗಡಿ ಕೆಳಗೆ ಪೇಟೆಯಲ್ಲಿ. ತೋಟದ ದಾರಿಯಲ್ಲಿ ಮುರಕಲ್ಲಿನ ಚೂರು, ಮುಳ್ಳು, ಗೆರಟೆಯನ್ನು ಮರಕ್ಕೆ ಕಟ್ಟಿ ಉಳಿದ ತಂತಿಯ ತುಂಡು ಎಲ್ಲವೂ ಬಿದ್ದಿರುತ್ತವೆ. ಈಗ ಲೈನುಮನೆಗಳ ಮುಂದೆ ಬೈಕು, ಸ್ಕೂಟರುಗಳೂ ನಿಂತಿರುತ್ತವೆ, ನಿಜ. ಆದರೆ ಕಂತು ಕಟ್ಟಲಾರದವನಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಇಂದಿಗೂ ಸೈಕಲೇ ಕಾಲು.

ಅಂಗಡಿಗೆ ಕೊಡುವ ಹಣವನ್ನೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಒಂದು ಪ್ಯಾಚಿನ ಹಣ ದೊಡ್ಡದಲ್ಲ. ಅದಕ್ಕಾಗಿ ಯಾರೂ ಹಾಳಾಗಿ ಹೋಗುವುದಿಲ್ಲ. ನಿಜವಾದ ಖರ್ಚು ಇರುವುದು ಹೊತ್ತಿನಲ್ಲಿ. ರಬ್ಬರು ಟ್ಯಾಪಿಂಗ್ ಮಾಡುವವರು ಬೆಳಗು ಹರಿಯುವ ಮೊದಲೇ ತೋಟಕ್ಕೆ ಇಳಿಯಬೇಕು. ಬಿಸಿಲೇರುವ ಮೊದಲು ಮರದೊಳಗೆ ನೀರಿನ ಒತ್ತಡ ಹೆಚ್ಚಿರುತ್ತದೆ; ಹಾಲು ಚೆನ್ನಾಗಿ ಹರಿಯುವುದು ಆಗಲೇ. ಒಬ್ಬನ ಪಾಲಿಗೆ ಸುಮಾರು 300ರಿಂದ 400 ಮರಗಳಿರುತ್ತವೆ. ಬೆಳಗ್ಗೆ ಐದು ಗಂಟೆಗೆ ಟಯರು ಚಪ್ಪಟೆಯಾಗಿ ಬಿದ್ದಿದ್ದರೆ ಯಾವ ಅಂಗಡಿ ತೆರೆದಿರುತ್ತದೆ? ಸೈಕಲನ್ನು ಅಲ್ಲಿಯೇ ಬಿಟ್ಟು ನಡೆದರೆ ಹೊತ್ತು ಮೀರುತ್ತದೆ, ಹಾಲು ಕಡಮೆಯಾಗುತ್ತದೆ, ಹಾಜರಿಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಸಂಜೆ ಸೈಕಲನ್ನು ತಳ್ಳಿಕೊಂಡು ಪೇಟೆಗೆ ಇಳಿಯಬೇಕು, ಪುನಃ ಗುಡ್ಡ ಹತ್ತಬೇಕು. ಒಂದು ಕಾಲದಲ್ಲಿ ಗಂಟೆಗೆ ಇಷ್ಟೆಂದು ಸೈಕಲನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು ಚಿಕ್ಕ ಪೇಟೆಗಳಲ್ಲಿಯೂ ಇದ್ದವು. ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ಉಳಿದ ಪಂಕ್ಚರ್ ಅಂಗಡಿಗಳಿಗೆ ಬೈಕು, ರಿಕ್ಷಾಗಳದ್ದೇ ಕೆಲಸ. ಸೈಕಲಿನ ಸರದಿ ಕೊನೆಗೆ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಸಾಮಾನ್ಯ ಪಂಕ್ಚರನ್ನು ಮನೆಯಲ್ಲಿಯೇ ಹಾಕಲು ಪ್ರತಿಯೊಂದು ಮನೆಯಲ್ಲೂ ಒಬ್ಬರಾದರೂ ಕಲಿತಿರಬೇಕು. ಅದಕ್ಕೆ ಮೀರಿದ ಕೆಲಸಕ್ಕೆ ಅಂಗಡಿಗೆ ಹೋಗಬೇಕು, ಮತ್ತು ಅಲ್ಲಿ ಚೌಕಾಸಿ ಮಾಡದೆ ಹಣ ಕೊಡಬೇಕು.

ಮೊದಲನೆಯದಾಗಿ, ಗಾಳಿ ಹೋದದ್ದೆಲ್ಲ ಪಂಕ್ಚರಲ್ಲ. ಹಳೆಯ ಮಾದರಿಯ 28 ಇಂಚಿನ ಚಕ್ರದ ಸೈಕಲುಗಳ ವಾಲ್ವಿನೊಳಗೆ ಒಂದು ಸಣ್ಣ ರಬ್ಬರಿನ ನಳಿಗೆ ಇರುತ್ತದೆ. ಅದನ್ನು ವಾಲ್ವ್ ಟ್ಯೂಬು ಎನ್ನುತ್ತಾರೆ. ಅದು ಒಣಗಿ ಸೀಳಿದರೂ ಗಾಳಿ ನಿಲ್ಲುವುದಿಲ್ಲ. ವಾಲ್ವಿನ ಬಾಯಿಗೆ ಸ್ವಲ್ಪ ನೀರು ಹಚ್ಚಿ ನೋಡಿರಿ. ಗುಳ್ಳೆ ಬಂದರೆ ಆ ನಳಿಗೆಯನ್ನು ಬದಲಾಯಿಸಿದರೆ ಸಾಕು. ಟಯರು ಬಿಚ್ಚುವ ಅಗತ್ಯವೇ ಇಲ್ಲ. ಬೆರಳುದ್ದದ ಅಂಥ ನಳಿಗೆಯೊಂದು ಮನೆಯಲ್ಲಿದ್ದರೆ ಪೇಟೆಗೆ ಹೋಗುವ ಒಂದು ದಾರಿ ಉಳಿಯಿತು.

ವಾಲ್ವು ಸರಿಯಿದ್ದರೆ ಸೈಕಲನ್ನು ಸೀಟು, ಹ್ಯಾಂಡಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿರಿ. ಚಕ್ರವನ್ನು ಕಳಚಬೇಕಾಗಿಲ್ಲ. ಗಾಳಿಯನ್ನು ಪೂರ್ತಿ ಬಿಟ್ಟು, ಟಯರಿನ ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿರಿ. ಆಗ ಎರಡು ಲೀವರುಗಳಿಂದ ಒಂದು ಬದಿಯ ಅಂಚು ಸುಲಭವಾಗಿ ಹೊರಗೆ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿರಿ. ಒಂದು ತೂತು ಮುಚ್ಚಲು ಹೋಗಿ ಎರಡು ತೂತು ಮಾಡಿದಂತಾಗುತ್ತದೆ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬಕೆಟಿನ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಅಲ್ಲಿಗೆ ಗುರುತು ಹಾಕಿರಿ. ಒಂದು ತೂತು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಸುತ್ತು ಪೂರ್ತಿಮಾಡಿ ನೋಡಿರಿ.

ಮುಂದೆ ಬೇಕಾದದ್ದು ತಾಳ್ಮೆ. ಟ್ಯೂಬನ್ನು ಚೆನ್ನಾಗಿ ಒರಸಿ ಒಣಗಿಸಿ, ಪ್ಯಾಚಿಗಿಂತ ಸ್ವಲ್ಪ ಅಗಲವಾಗಿ ಸ್ಯಾಂಡ್ ಪೇಪರಿನಿಂದ ಉಜ್ಜಿ, ಸೊಲ್ಯೂಶನನ್ನು ತೆಳ್ಳಗೆ ಹಚ್ಚಬೇಕು. ಕೂಡಲೇ ಪ್ಯಾಚು ಅಂಟಿಸಬಾರದು. ಸೊಲ್ಯೂಶನಿನಲ್ಲಿರುವ ದ್ರವ ಆರಿಹೋಗಬೇಕು. ಸುಮಾರು ಐದು ನಿಮಿಷ ಕಾದು, ಮುಟ್ಟಿದರೆ ಒದ್ದೆಯಾಗಿ ಬೆರಳಿಗೆ ಮೆತ್ತದ ಹದಕ್ಕೆ ಬಂದ ಮೇಲೆ ಪ್ಯಾಚಿಟ್ಟು ಬಲವಾಗಿ ಒತ್ತಬೇಕು. ಮನೆಯಲ್ಲಿ ಹಾಕಿದ ಪ್ಯಾಚು ನಿಲ್ಲುವುದಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಈ ಐದು ನಿಮಿಷ ಕಾಯದವರೇ. ಆ ದ್ರವ ಬೆಂಕಿಗೆ ಬೇಗ ಹತ್ತುವಂಥದ್ದು. ಒಲೆಯ ಹತ್ತಿರ, ಬೀಡಿ ಹಚ್ಚಿಕೊಂಡು ಈ ಕೆಲಸ ಮಾಡಬಾರದು. ಸೊಲ್ಯೂಶನಿನ ಟ್ಯೂಬು ಸಣ್ಣ ಮಕ್ಕಳ ಕೈಗೆ ಸಿಗಬಾರದು.

ಟ್ಯೂಬನ್ನು ಹಿಂದಕ್ಕೆ ಸೇರಿಸುವ ಮೊದಲು ಒಂದು ಬಟ್ಟೆಯ ಚೂರಿನಿಂದ ಟಯರಿನ ಒಳಭಾಗವನ್ನು ಸುತ್ತಲೂ ಸವರಿರಿ. ಚುಚ್ಚಿದ ಮುಳ್ಳೋ ತಂತಿಯೋ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಟಯರು ಮುಚ್ಚಿದರೆ ಮರುದಿನ ಅದೇ ಜಾಗದಲ್ಲಿ ತೂತು.

ನಮ್ಮಲ್ಲಿ ರಬ್ಬರು ಹಾಲಿಗೆ ಬರವಿಲ್ಲವಲ್ಲ, ಅದನ್ನೇ ತೂತಿಗೆ ಹಚ್ಚಿದರೆ ಆಗದೇ ಎಂದು ಕೇಳುವವರೂ ಉಂಟು. ಆಗದು. ಹಸಿ ರಬ್ಬರು ಬಿಸಿಲಿಗೆ ಮೆದುವಾಗಿ ಅಂಟಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಅಮೇರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು 1839ರಲ್ಲಿ ರಬ್ಬರಿಗೆ ಗಂಧಕ ಬೆರಸಿ ಕಾಯಿಸಿದರೆ ಅದು ಗಟ್ಟಿಯಾಗಿ, ಎಳೆದರೂ ಹಿಂದಕ್ಕೆ ಬರುವಂತಾಗುತ್ತದೆಂದು ಕಂಡುಕೊಂಡನು. ಆ ಬಳಿಕವೇ ರಬ್ಬರು ಚಕ್ರಕ್ಕೆ ಏರಿತು. ಗಾಳಿ ತುಂಬಿದ ಟಯರಿಗೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬವನು ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಡನ್‌ಲಪ್, ತನ್ನ ಮಗನ ಮೂರು ಚಕ್ರದ ಸೈಕಲು ಕಲ್ಲುದಾರಿಯಲ್ಲಿ ಕುಲುಕದಿರಲಿ ಎಂದು ಮಾಡಿದ ಟಯರೇ ಲೋಕವೆಲ್ಲ ಹಬ್ಬಿತು. ಬ್ರೆಜಿಲಿನಿಂದ 1876ರಲ್ಲಿ ಲಂಡನಿನ ಕ್ಯೂ ತೋಟಕ್ಕೆ ಒಯ್ದ ರಬ್ಬರು ಬೀಜಗಳ ಸಂತತಿ ನಮ್ಮ ದೇಶಕ್ಕೂ ಬಂದು, 1902ರಲ್ಲಿ ಕೇರಳದ ತಟ್ಟೇಕ್ಕಾಡಿನಲ್ಲಿ ವ್ಯಾಪಾರದ ತೋಟವಾಯಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಟಯರು ಎಂಬುದು ಪೇಟೆಯವರಿಗೆ ಮಾತ್ರ ತಿಳಿದ ಗುಟ್ಟಲ್ಲ. ಅದರ ಮೂಲವಸ್ತುವನ್ನು ಮರದಿಂದ ಇಳಿಸುವವರು ನಮ್ಮ ಜನರೇ. ಅದನ್ನು ಬಿಚ್ಚಿ ಮುಚ್ಚಲು ನಮಗೆ ಹೆದರಿಕೆ ಏಕೆ?

ಪಂಕ್ಚರು ಬಾರದಂತೆ ನೋಡುವುದು ಅದಕ್ಕಿಂತಲೂ ಒಳ್ಳೆಯದು. ಗಾಳಿ ಕಡಮೆಯಿರುವ ಟಯರಿನ ಮೇಲೆ ಅಕ್ಕಿಮೂಟೆಯನ್ನೋ ಸೌದೆಯನ್ನೋ ಹೇರಿ ಗುಡ್ಡ ಇಳಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಸೀಳುತ್ತದೆ. ಟಯರಿನ ಬದಿ ಒಡೆಯುವುದೂ ಇದರಿಂದಲೇ. ಸೀಮೆಎಣ್ಣೆ, ಎಣ್ಣೆಗಳಿಂದ ಟಯರನ್ನು ಒರಸಬಾರದು. ರಬ್ಬರು ಉಬ್ಬಿ ಹಾಳಾಗುತ್ತದೆ. ಸೈಕಲನ್ನು ನೆರಳಿನಲ್ಲಿಡಿರಿ.

ಇನ್ನು, ಅಂಗಡಿಗೆ ಯಾವಾಗ ಹೋಗಬೇಕು? ವಾಲ್ವಿನ ಬುಡದಲ್ಲಿ ಟ್ಯೂಬು ಹರಿದಿದ್ದರೆ, ಟಯರಿನ ಬದಿ ಸೀಳಿದ್ದರೆ, ಅಂಚಿನ ತಂತಿ ಹೊರಗೆ ಕಾಣುತ್ತಿದ್ದರೆ, ಕಡ್ಡಿ ಮುರಿದು ಚಕ್ರ ಓಲಾಡುತ್ತಿದ್ದರೆ, ಬ್ರೇಕು ಹಿಡಿಯದಿದ್ದರೆ ಮನೆಯಲ್ಲಿ ಕೈಹಾಕಬೇಡಿರಿ. ನಮ್ಮ ಇಳಿಜಾರುಗಳಲ್ಲಿ ಕೆಟ್ಟ ಟಯರು, ಕೆಟ್ಟ ಬ್ರೇಕು ಜೀವಕ್ಕೇ ಅಪಾಯ. ನಾಲ್ಕು ಕಾಸು ಉಳಿಸಲು ಮಗುವಿನ ಸೈಕಲಿಗೆ ಸೀಳಿದ ಟಯರನ್ನೇ ಹೊಲಿದುಕೊಡುವುದು ಉಳಿತಾಯವಲ್ಲ.

ಅಂಗಡಿಯವನ ಕುರಿತೂ ಒಂದು ಮಾತು. ನೆಲದಲ್ಲಿ ಕುಳಿತು, ಕೈ ಕಪ್ಪಾಗಿಸಿಕೊಂಡು ದುಡಿಯುವ ಅವನೂ ನಮ್ಮಂತೆಯೇ ಕೂಲಿಯವನು. ಅವನಿಗೆ ಬೋನಸಿಲ್ಲ, ರಜೆಯ ಸಂಬಳವಿಲ್ಲ. ನಮ್ಮ ಕೆಲಸಕ್ಕೆ ನ್ಯಾಯವಾದ ಕೂಲಿ ಬೇಕೆಂದು ಗೇಟಿನ ಮುಂದೆ ಕೂಗಿ ಬಂದು, ಅದೇ ಸಂಜೆ ಅವನೊಡನೆ ಐದು ರೂಪಾಯಿಗೆ ಜಗಳವಾಡುವುದು ನಮಗೆ ಶೋಭಿಸುವುದಿಲ್ಲ. ನಮ್ಮಿಂದಾಗುವ ಕೆಲಸವನ್ನು ನಾವು ಮಾಡಿಕೊಂಡರೆ ಅವನ ಹೊಟ್ಟೆಗೆ ಹೊಡೆದಂತಾಯಿತೇ ಎಂದು ಕೆಲವರು ಕೇಳಬಹುದು. ಓಡಾಡುವ ಸೈಕಲಿಗೆ ಅಂಗಡಿಯ ಕೆಲಸ ಇದ್ದೇ ಇರುತ್ತದೆ. ಒಂದು ತೂತಿಗಾಗಿ ಮೂಲೆಗೆ ಬಿದ್ದು ತುಕ್ಕು ಹಿಡಿಯುವ ಸೈಕಲಿನಿಂದ ಅವನಿಗೂ ಲಾಭವಿಲ್ಲ, ನಮಗೂ ಇಲ್ಲ.

ಆದರೆ ಒಂದು ವಿಷಯದಲ್ಲಿ ಜಾಗ್ರತೆಯಿರಬೇಕು. ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳುವುದು ಜಾಣತನ; ಅದರ ಹೆಸರಿನಲ್ಲಿ ತೋಟದ ಖರ್ಚು ನಮ್ಮ ತಲೆಗೆ ಬೀಳಬಾರದು. ರಬ್ಬರು ಹಾಲಿನ ಕ್ಯಾನನ್ನೋ ಗೇರುಬೀಜದ ಚೀಲವನ್ನೋ ತೋಟದ ಕೆಲಸಕ್ಕಾಗಿ ತನ್ನ ಸ್ವಂತ ಸೈಕಲಿನಲ್ಲಿ ಸಾಗಿಸುವವನ ಟಯರು ಸವೆಯುವುದು ಯಾರ ಕೆಲಸದಲ್ಲಿ? ಅಂಥಲ್ಲಿ ಟಯರು, ಟ್ಯೂಬಿನ ಖರ್ಚಿನಲ್ಲಿ ಯಜಮಾನರ ಪಾಲೂ ಇರಬೇಕೆಂದು ಕೇಳುವುದು ನ್ಯಾಯ. ಒಬ್ಬೊಬ್ಬರಾಗಿ ಗೊಣಗದೆ, ಯಾವ ದಿನ ಎಷ್ಟು ಹೊರೆ, ಎಷ್ಟು ಖರ್ಚು ಎಂದು ಬರೆದಿಟ್ಟು ಒಟ್ಟಾಗಿ ಕೇಳಬೇಕು.

ಈ ಕೆಲಸವನ್ನು ಗಂಡುಮಕ್ಕಳಿಗೆ ಮಾತ್ರ ಕಲಿಸಿದರೆ ಸಾಲದು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ, ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರ ಕಾಲದಲ್ಲಿ, ಅಕ್ಷರ ಕಲಿಸುವ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲೂ ಕಲಿಸಲಾಯಿತು. ಹೊಲದಲ್ಲಿ, ಕಲ್ಲುಕೋರೆಯಲ್ಲಿ ದುಡಿಯುವ ಬಡ ಹೆಂಗಸರು ಸಾವಿರಗಟ್ಟಲೆ ಸೈಕಲು ಹತ್ತಿದರು. ಹೆಂಗಸರ ಸೈಕಲು ಸಿಗದಿದ್ದಾಗ ಗಂಡಸರ ಸೈಕಲನ್ನೇ ಓಡಿಸಿದರು. ಪತ್ರಕರ್ತ ಪಿ. ಸಾಯಿನಾಥ್ ಅವರು ಇದನ್ನು ಬರೆದು ದೇಶಕ್ಕೆ ತಿಳಿಸಿದರು. ಬಸ್ಸಿಗಾಗಲಿ ಗಂಡನಿಗಾಗಲಿ ಅಣ್ಣನಿಗಾಗಲಿ ಕಾಯದೆ ಹೋಗಿಬರುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು. ನಮ್ಮ ಹುಡುಗಿಯರು ಸೈಕಲು ಬಿಡಲು ಕಲಿತಿದ್ದಾರೆ. ದಾರಿಯಲ್ಲಿ ಟಯರು ಕೂತರೆ ಯಾರನ್ನೂ ಕಾಯದೆ ಮನೆಗೆ ಬರುವಂತಾಗಲು ಪ್ಯಾಚು ಹಾಕಲೂ ಕಲಿಯಲಿ.

ಪ್ರತಿ ಮನೆಯವರೂ ಎಲ್ಲ ಸಾಮಾನು ಕೊಳ್ಳಬೇಕಾಗಿಲ್ಲ. ಒಂದು ಲೈನಿಗೆ ಒಂದು ಡಬ್ಬಿ ಸಾಕು: ಒಂದು ಪಂಪು, ಎರಡು ಲೀವರು, ಪ್ಯಾಚು, ಸೊಲ್ಯೂಶನ್, ಸ್ಯಾಂಡ್ ಪೇಪರು, ವಾಲ್ವ್ ಟ್ಯೂಬು, ಒಂದು ಸ್ಪ್ಯಾನರು. ಮನೆಗೆ ಇಷ್ಟೆಂದು ಹಣ ಹಾಕಿ ಕೊಂಡು, ನಂಬಿಕೆಯ ಒಬ್ಬರ ಮನೆಯಲ್ಲಿಡಿರಿ. ಬಳಸಿದವರು ಪುಸ್ತಕದಲ್ಲಿ ಹೆಸರು ಬರೆಯಲಿ. ಮುಗಿದ ಸಾಮಾನಿಗೆ ಎಲ್ಲರೂ ಸೇರಿ ಹಣ ಹಾಕಲಿ. ಒಂದು ಭಾನುವಾರ ಮಧ್ಯಾಹ್ನ, ಗೊತ್ತಿದ್ದವರು ಅಂಗಳದಲ್ಲಿ ಕುಳಿತು ಹಳೆಯ ಟ್ಯೂಬೊಂದನ್ನು ಇಟ್ಟುಕೊಂಡು ಉಳಿದವರಿಗೆ ತೋರಿಸಿಕೊಡಲಿ. ಈ ಮಾತನ್ನು ಓದಿ ಮಡಚಿಡದೆ, ಮುಂದಿನ ಸಂಬಳದ ದಿನವೇ ಡಬ್ಬಿಗೆ ಹಣ ಕೂಡಿಸಲು ಪ್ರಾರಂಭಿಸಬೇಕೆಂದು ನಮ್ಮ ವಾಚಕರಲ್ಲಿ ಕೇಳಿಕೊಳ್ಳುತ್ತೇವೆ.