ಹೊಟ್ಟೆನೋವನ್ನೂ ಕಾಲುನೋವನ್ನೂ ಒಟ್ಟಿಗೇ ಹೇಳಿ

ಹೆಂಗಸರ ಕಿಬ್ಬೊಟ್ಟೆ ನೋವಿಗೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರಗಳಿವೆ. ಮದುವೆಗೆ ಮುಂಚೆಯಾದರೆ 'ಮದುವೆಯಾದರೆ ಸರಿಹೋಗುತ್ತೆ', ಆಮೇಲೆ 'ಒಂದು ಮಗು ಆಗಲಿ', ಮಗುವೂ ಆಗಿದ್ದರೆ 'ಬಾಣಂತನದಲ್ಲಿ ಸರಿಯಾಗಿ ಪಥ್ಯ ಮಾಡಲಿಲ್ಲ'. ಅದೇ ಹೆಂಗಸು ತೊಡೆ ಸೆಳೆಯುತ್ತದೆ, ಕಾಲು ಸೇದುತ್ತದೆ ಅಂದರೆ ಅದಕ್ಕೆ ಬೇರೆ ಉತ್ತರ: ರಕ್ತ ಕಡಿಮೆ, ಕ್ಯಾಲ್ಸಿಯಂ ಕಡಿಮೆ, ನಿಂತು ನಿಂತು ಸುಸ್ತು. ಎರಡೂ ನೋವಿನ ಮೂಲ ಒಂದೇ ಇರಬಹುದೇ ಎಂದು ಕೇಳುವವರು ಕಡಿಮೆ. ದಯವಿಟ್ಟು ಕೇಳಿ ಎಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನನ್ನ ತಂಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ತಿಂಗಳಲ್ಲಿ ಕೆಲವು ದಿನ ಬೋರ್ಡಿನ ಮುಂದೆ ನಿಂತಾಗ ಎಡಗಾಲಿನ ಮೇಲೆ ಭಾರ ಬಿಡಲಾಗದೆ ಮೇಜಿನ ಅಂಚು ಹಿಡಿದುಕೊಂಡೇ ಬರೆಯುತ್ತಿದ್ದಳು. ಹೊಟ್ಟೆಗೆಂದು ಹೋದಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಕಾಲಿಗೆಂದು ಹೋದಲ್ಲಿ ಸೊಂಟದ ಎಕ್ಸ್‌ರೇ ತೆಗೆದು, ನರ ಒತ್ತಿದೆ, ಬೆಲ್ಟ್ ಹಾಕಿಕೊಳ್ಳಿ ಅಂದರು. ಸ್ಕ್ಯಾನಿಂಗ್ 'ನಾರ್ಮಲ್' ಬಂತು. ಎರಡು ಫೈಲುಗಳು ಬೇರೆ ಬೇರೆ ಕವರಿನಲ್ಲಿ ದಪ್ಪವಾಗುತ್ತಾ ಹೋದವು. ವರ್ಷಗಳ ಮೇಲೆ ಒಬ್ಬ ವೈದ್ಯೆ ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು, "ಕಾಲುನೋವು ಮುಟ್ಟಿನ ಆಸುಪಾಸಿನಲ್ಲೇ ಹೆಚ್ಚಾಗುತ್ತಾ?" ಎಂದು ಕೇಳಿದರು. ಹೌದು ಅಂದಳು. ಎಂಆರ್‌ಐ ಮಾಡಿಸಿದಾಗ ಗರ್ಭಕೋಶದ ಹಿಂಭಾಗದಲ್ಲಿ ಎಂಡೊಮೆಟ್ರಿಯೋಸಿಸ್ ಕಂಡಿತು. ಆಪರೇಷನ್ ಆಗಿ, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ನೋವು ಪೂರ್ತಿ ಹೋಗಿಲ್ಲ, ಆದರೆ ಅದೇನೆಂದು ಈಗ ಗೊತ್ತು.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಬಳಿಯೋ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು, ಅಂದರೆ ಜಗತ್ತಿನಲ್ಲಿ 19 ಕೋಟಿ ಮಂದಿಗೆ ಇದು ಇದೆ. ಕಾಲಿಗೇಕೆ ನೋವು? ಕಾಲಿಗೆ ಇಳಿಯುವ ದೊಡ್ಡ ನರಗಳು ಕಿಬ್ಬೊಟ್ಟೆಯ ಗೋಡೆಯನ್ನು ಒರಸಿಕೊಂಡೇ ಹೋಗುತ್ತವೆ. ಒಳತೊಡೆಯ ನರ ಅಂಡಾಶಯದ ಪಕ್ಕದಲ್ಲಿ ಹಾಯುತ್ತದೆ, ಸಯಾಟಿಕ್ ನರ ಹಿಂಗೋಡೆಯ ಮೇಲಿಂದ ಹೊರಡುತ್ತದೆ. ಅಲ್ಲೆಲ್ಲಾದರೂ ಉರಿಯೂತವೋ ಗಂಟೋ ಆದರೆ ನೋವು ಮೊಣಕಾಲಿನವರೆಗೂ, ಕೆಲವರಿಗೆ ಪಾದದವರೆಗೂ ಇಳಿಯುತ್ತದೆ.

ಇನ್ನೊಂದು ಕಾರಣ ರಕ್ತನಾಳಗಳದ್ದು. ಬಸುರಿನಲ್ಲಿ ಹಿಗ್ಗಿದ ಕಿಬ್ಬೊಟ್ಟೆಯ ಸಿರೆಗಳು ಕೆಲವರಿಗೆ ಮತ್ತೆ ಮೊದಲಿನಂತಾಗುವುದಿಲ್ಲ. ಒಳಗಿನ ಕವಾಟ ಸಡಿಲವಾಗಿ ರಕ್ತ ಕೆಳಗೇ ನಿಲ್ಲುತ್ತದೆ. ಇಂಥವರಿಗೆ ಬೆಳಿಗ್ಗೆ ಹಗುರ, ಸಂಜೆ ಹೊತ್ತಿಗೆ ಕಿಬ್ಬೊಟ್ಟೆ ಭಾರ, ತೊಡೆ ಭಾರ, ಮಲಗಿದರೆ ಆರಾಮ. ಹಾಗಾಗಿ ಮಲಗಿಸಿ ಮಾಡುವ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಈ ತೊಂದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ನೋವು ಎಡಗಾಲಿಗೇ ಇದ್ದರೆ ಮತ್ತೊಂದು ಸಂಗತಿ ನೋಡಬೇಕು: ಎಡಗಾಲಿನಿಂದ ಬರುವ ಸಿರೆಯನ್ನು ಬಲಗಾಲಿಗೆ ಹೋಗುವ ಅಪಧಮನಿ ಒತ್ತುತ್ತಿರಬಹುದು. ಮೇ ಮತ್ತು ಥರ್ನರ್ ಎಂಬ ವೈದ್ಯರು 1957ರಲ್ಲೇ ವಿವರಿಸಿದ ತೊಂದರೆ ಇದು. ಇನ್ನು ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಗರ್ಭನಾಳಕ್ಕೂ ಬರುತ್ತದೆ, ಬೆನ್ನುಮೂಳೆಗೂ ಬರುತ್ತದೆ. ಬೆನ್ನಿನ ಕ್ಷಯದ ಕೀವು ಸ್ನಾಯುವಿನೊಳಗೆ ಇಳಿದು ತೊಡೆಯಲ್ಲಿ ನೋವಾಗಿ ಕಾಣಿಸಿಕೊಳ್ಳುವುದೂ ಉಂಟು.

ಸ್ಕ್ಯಾನಿಂಗ್ ನಾರ್ಮಲ್ ಬಂದರೆ ಆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂದಷ್ಟೇ ಅರ್ಥ. ಮನೆಯವರು ಆ ಒಂದು ಹಾಳೆ ಹಿಡಿದು 'ಏನೂ ಇಲ್ಲವಂತೆ, ಎಲ್ಲಾ ಮನಸ್ಸಿನದು' ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಅದು ಎಷ್ಟು ಚುಚ್ಚುತ್ತದೆಂದು ನೋವಿನಲ್ಲಿದ್ದವಳಿಗಷ್ಟೇ ಗೊತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಮುಂದಿನ ಮಾತಿನ ಬಗ್ಗೆ. ಕಾರಣ ತಿಳಿಯದಿದ್ದಾಗ 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ' ಎಂಬ ಸಲಹೆ ಬಹಳ ಬೇಗ ಬರುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ, ರಾಣೆಬೆನ್ನೂರು ಸೀಮೆಯ ಬಡ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಎಂದು ಹೋಗಿ ಎಳೆಯ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡು, ಕೊನೆಗೆ ಬೀದಿಗಿಳಿದು ನ್ಯಾಯ ಕೇಳಿದ್ದನ್ನು ನಾವು ಮರೆಯಬಾರದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿದೆ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಮ್ಮೆಗೇ ಬಂದುಬಿಡುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ನೋವಿನ ಮೂಲ ನರದಲ್ಲೋ ಕರುಳಿನಲ್ಲೋ ಬೆನ್ನಿನಲ್ಲೋ ಇದ್ದರೆ ಆಪರೇಷನ್ ಆದ ಮೇಲೂ ಅದು ಹಾಗೇ ಉಳಿಯುತ್ತದೆ. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಕಾಯಿಲೆಯ ಹೆಸರು ಹೇಳದೆ ಆಪರೇಷನ್ನಿನ ದಿನಾಂಕ ಕೊಟ್ಟರೆ ಒಪ್ಪಬೇಡಿ. ಇನ್ನೊಬ್ಬ ವೈದ್ಯರನ್ನು ಕಾಣಿ.

ಅಕ್ಕತಂಗಿಯರಲ್ಲಿ ನನ್ನ ವಿನಂತಿ ಇಷ್ಟು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಮೂರು ತಿಂಗಳು ನೋವಿನ ಗುರುತು ಹಾಕಿ. ಮುಟ್ಟಿನ ದಿನಗಳಿಗೆ ಒಂದು ಗುರುತು, ಹೊಟ್ಟೆಗೊಂದು, ಕಾಲಿಗೊಂದು. ನಿಂತರೆ ಹೆಚ್ಚೋ ಕೂತರೆ ಹೆಚ್ಚೋ, ಮೂತ್ರ ಮಾಡುವಾಗಲೋ ಗಂಡನ ಜೊತೆ ಇರುವಾಗಲೋ ನೋವಾಗುತ್ತದೋ, ಸಂಕೋಚ ಬಿಟ್ಟು ಬರೆಯಿರಿ. ಆ ಹಾಳೆ ಹರಿದುಕೊಂಡು ಹೋಗಿ ಡಾಕ್ಟರ ಮುಂದೆ ಇಡಿ. ಅವರಿಗೆ ಪುರಸೊತ್ತಿಲ್ಲದಿದ್ದರೂ ಅರ್ಧ ನಿಮಿಷದಲ್ಲಿ ಓದಬಹುದು.

ಕೆಲವಕ್ಕೆ ಮೂರು ತಿಂಗಳು ಕಾಯಬಾರದು. ಒಂದೇ ಕಾಲು ಏಕಾಏಕಿ ಊದಿ ಬಿಸಿಯಾಗುವುದು (ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು), ಅದರ ಜೊತೆ ಉಸಿರುಕಟ್ಟುವುದು, ಮುಟ್ಟು ತಪ್ಪಿ ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದು ತಲೆಸುತ್ತುವುದು, ಮೂತ್ರ ಕಟ್ಟುವುದು, ತೊಡೆಸಂದು ಮರಗಟ್ಟುವುದು, ಇವು ಕಂಡರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ.

ಮುಟ್ಟಿನ ದಿನಕ್ಕೆ ತಿಂಗಳಿಗೊಂದು ವೇತನಸಹಿತ ರಜೆ ಕೊಡಲು ರಾಜ್ಯ ಸಚಿವ ಸಂಪುಟ 2025ರಲ್ಲಿ ಒಪ್ಪಿತು, ಒಳ್ಳೆಯದಾಯಿತು. ಆದರೆ ಪ್ರತಿ ತಿಂಗಳೂ ಆ ದಿನ ಹಾಸಿಗೆ ಹಿಡಿಯುವ ಹುಡುಗಿ ಗಾರ್ಮೆಂಟ್ಸ್ ಲೈನಿನಲ್ಲೋ ಶಾಲೆಯಲ್ಲೋ ಇದ್ದರೆ, ಸೂಪರ್‌ವೈಸರುಗಳೇ, ಟೀಚರುಗಳೇ, ಅವಳನ್ನು ತಪಾಸಣೆಗೂ ಕಳಿಸಿ. ಗಂಡಂದಿರೇ, ಚೀಟಿ ಬರೆಸಿ ಹೊರಗೆ ಮೊಬೈಲ್ ನೋಡುತ್ತಾ ಕೂರಬೇಡಿ. ಅವಳು ಬಯಸಿದರೆ ಒಳಗೆ ಹೋಗಿ, ರಾತ್ರಿಯಿಡೀ ನೀವು ಕಂಡದ್ದನ್ನು ಹೇಳಿ. ವೈದ್ಯರೇ, ಓಪಿಡಿಯ ಸಾಲು ಎಷ್ಟು ಉದ್ದವೆಂದು ನಮಗೆ ಗೊತ್ತು. ಹೊಟ್ಟೆ ನೋಡುವವರು ಕಾಲಿನ ಬಗ್ಗೆ, ಮೂಳೆ ನೋಡುವವರು ಮುಟ್ಟಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ.

ಉತ್ತರ ಸಿಕ್ಕಿದ ಅಕ್ಕಂದಿರಿಗೂ ಒಂದು ಮಾತು. ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಸಂಘದ ವಾರದ ಸಭೆಯಲ್ಲಿ, ನಲ್ಲಿಯ ಹತ್ತಿರ, ಮದುವೆಮನೆಯಲ್ಲಿ ಹೇಳಿ: ಕಾಯಿಲೆಯ ಹೆಸರೇನು, ಯಾವ ಪರೀಕ್ಷೆಯಲ್ಲಿ ಸಿಕ್ಕಿತು, ಯಾವ ವಿಭಾಗದ ಡಾಕ್ಟರು ಕಂಡುಹಿಡಿದರು.