ನಾವೆಲ್ಲರೂ ಮೂಲನಿವಾಸಿಗಳೇ ಆದರೆ, ಹಾಡಿ ಬಿಡಬೇಕಾದವರು ಮಾತ್ರ ಅವರೇ ಯಾಕೆ?

"ಅಲ್ರೀ, ಭಾರತದಲ್ಲಿ ಮೂಲನಿವಾಸಿ, ಹೊರಗಿನವನು ಅಂತೆಲ್ಲಾ ಎಲ್ಲಿದೆ? ನಾವೆಲ್ಲರೂ ಇಲ್ಲಿಯವರೇ ತಾನೇ?"

ಆದಿವಾಸಿಗಳ ಹಕ್ಕಿನ ಬಗ್ಗೆ ಯಾರೇ ಬರೆಯಲಿ, ಮೊದಲ ಮೂರು ಕಾಮೆಂಟುಗಳಲ್ಲಿ ಒಂದು ಇದೇ ಆಗಿರುತ್ತೆ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಸಮಾನತೆ ಇದೆ, ದೇಶಪ್ರೇಮ ಇದೆ, ಜಗಳ ಮುಗಿಸುವ ದೊಡ್ಡತನವೂ ಇದೆ. ಆದರೆ ಇದು ಬರೀ ನಮ್ಮ ಕಾಮೆಂಟು ಪೆಟ್ಟಿಗೆಯ ಮಾತಲ್ಲ. ವಿಶ್ವಸಂಸ್ಥೆಯಲ್ಲಿ ಭಾರತ ಸರ್ಕಾರ ದಶಕಗಳಿಂದ ಹೇಳಿಕೊಂಡು ಬಂದಿರುವ ನಿಲುವೂ ಇದೇ. ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರೆಲ್ಲ, ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಮೂಲನಿವಾಸಿಗಳೇ. ಹಾಗಾಗಿ ಯಾರನ್ನೂ ಬೇರೆಯಾಗಿ ಗುರುತಿಸುವ ಅಗತ್ಯ ಇಲ್ಲ!

ನನ್ನ ತಕರಾರು ಇರೋದು ಈ ಮಾತಿನ ಮೇಲೇ. ಇದು ಸಮಾನತೆಯ ಮಾತಲ್ಲ ಸ್ವಾಮೀ, ಜವಾಬ್ದಾರಿಯಿಂದ ಜಾರಿಕೊಳ್ಳುವ ಮಾತು. ಹೇಗೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಒಟ್ಟು 46 ವಿಧಿಗಳು. ಪರವಾಗಿ 144 ದೇಶಗಳು, ವಿರುದ್ಧವಾಗಿ ನಾಲ್ಕೇ ನಾಲ್ಕು: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. 11 ದೇಶಗಳು ತಟಸ್ಥ. ನಮ್ಮ ಭಾರತ? ಪರವಾಗಿಯೇ ಮತ ಹಾಕಿತು. ಇಲ್ಲಿಯವರೆಗೆ ಹೆಮ್ಮೆಪಡುವಂಥದ್ದೇ.

ಆದರೆ ಒಂದು ತಮಾಷೆ ನೋಡಿ. ವಿರುದ್ಧ ಮತ ಹಾಕಿದ ಆ ನಾಲ್ಕೂ ದೇಶಗಳು ಘೋಷಣೆಯನ್ನು ಓದಿ ಹೆದರಿದ್ದವು. ಭೂಮಿಯ ಹಕ್ಕು, ಒಪ್ಪಿಗೆಯಿಲ್ಲದೆ ಎತ್ತಂಗಡಿ ಮಾಡಬಾರದು ಅನ್ನುವ 10ನೇ ವಿಧಿ, ಇವೆಲ್ಲ ತಮ್ಮ ಬುಡಕ್ಕೇ ಬರುತ್ತವೆ ಅನ್ನೋದು ಅವಕ್ಕೆ ಗೊತ್ತಿತ್ತು. ಆಮೇಲೆ 2009 ಮತ್ತು 2010ರಲ್ಲಿ ಒಂದೊಂದಾಗಿ ನಾಲ್ಕೂ ದೇಶಗಳು ನಿಲುವು ಬದಲಿಸಿದವು. ಕೆನಡಾ 2021ರಲ್ಲಿ ಘೋಷಣೆಯ ಜಾರಿಗೆಂದೇ ಒಂದು ಕಾಯ್ದೆಯನ್ನೂ ಮಾಡಿತು. ಅಲ್ಲಿ ಎಲ್ಲ ಸರಿಹೋಗಿದೆ ಅಂತಲ್ಲ. ಆದರೆ ತಮ್ಮ ದೇಶದಲ್ಲಿ ಮೂಲನಿವಾಸಿಗಳು ಯಾರೂ ಇಲ್ಲ ಅಂತ ಆ ದೇಶಗಳು ಹೇಳಲಿಲ್ಲ. ನಾವೋ, ಮೊದಲ ದಿನವೇ ಕೈ ಎತ್ತಿ ಹೌದು ಅಂದೆವು. ಯಾಕಂದ್ರೆ ಇದು ನಮಗೆ ತಟ್ಟುವುದೇ ಇಲ್ಲ ಅನ್ನುವ ಧೈರ್ಯ! ಎಲ್ಲರೂ ಮೂಲನಿವಾಸಿಗಳಾದ ಮೇಲೆ ಮೂಲನಿವಾಸಿಗಳ ಹಕ್ಕು ಅಂತ ಬೇರೆ ಏನು ಉಳಿಯಿತು?

ಈ ಜಾಣತನ ಹೊಸದೇನೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1957ರಲ್ಲಿ 107ನೇ ಒಡಂಬಡಿಕೆ ತಂದಿತು. ಭಾರತ 1958ರಲ್ಲೇ ಅದನ್ನು ಅನುಮೋದಿಸಿತು. ಆದಿವಾಸಿಗಳನ್ನು 'ಮುಖ್ಯವಾಹಿನಿ'ಯಲ್ಲಿ ಕರಗಿಸಬೇಕು ಅನ್ನುವ ಆ ಕಾಲದ ಧೋರಣೆ ಅದರ ತುಂಬಾ ಇದೆ, ನಿಜ. ಆದರೂ ಪರಂಪರೆಯಿಂದ ಬಾಳಿಕೊಂಡು ಬಂದ ನೆಲದ ಮೇಲೆ ಅವರ ಒಡೆತನವನ್ನು ಒಪ್ಪಬೇಕು ಅಂತ ಅದರ 11ನೇ ವಿಧಿ ಹೇಳುತ್ತೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅವರ ಒಪ್ಪಿಗೆಯಿಲ್ಲದೆ ಅಲ್ಲಿಂದ ತೆಗೆಯಬಾರದು ಅಂತ 12ನೇ ವಿಧಿ ಹೇಳುತ್ತೆ. 1989ರಲ್ಲಿ ಇನ್ನೂ ಗಟ್ಟಿಯಾದ 169ನೇ ಒಡಂಬಡಿಕೆ ಬಂತು. ಪಕ್ಕದ ನೇಪಾಳ 2007ರಲ್ಲಿ ಅದನ್ನು ಅನುಮೋದಿಸಿತು. ಭಾರತ ಇವತ್ತಿಗೂ ಅನುಮೋದಿಸಿಲ್ಲ.

"ಸರಿ, ಆದರೆ ಮೊದಲು ಬಂದವರು ಯಾರು ಅಂತ ಸಾವಿರಾರು ವರ್ಷಗಳ ಮೇಲೆ ಹೇಗೆ ತೀರ್ಮಾನಿಸ್ತೀರಿ?" ಒಳ್ಳೆಯ ಪ್ರಶ್ನೆ. ಬೇಕಿದ್ದರೆ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ತೋರಿಸಬಹುದಿತ್ತು. ಈ ದೇಶದ ಮೂಲ ನಿವಾಸಿಗಳ ವಂಶಸ್ಥರು ಬಹುಶಃ ಆದಿವಾಸಿಗಳೇ, ಉಳಿದ ಹೆಚ್ಚಿನವರು ವಲಸೆ ಬಂದವರ ಸಂತತಿ ಅಂತ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅದರಲ್ಲಿ ಬರೆದಿದ್ದಾರೆ. ಆದರೆ ನನ್ನ ವಾದಕ್ಕೆ ಅದು ಬೇಕಾಗಿಯೇ ಇಲ್ಲ. ಯಾಕಂದ್ರೆ ಪ್ರಶ್ನೆ 'ಯಾರು ಮೊದಲು ಬಂದರು' ಅನ್ನೋದೇ ಅಲ್ಲ. ಸರ್ಕಾರ ಬಂದು ಗೆರೆ ಎಳೆದಾಗ ಯಾರ ನೆಲ ಯಾರನ್ನೂ ಕೇಳದೆ ಹೋಯಿತು, ಇವತ್ತಿಗೂ ಯಾರ ಬದುಕು ಆ ನೆಲಕ್ಕೆ ಅಂಟಿಕೊಂಡಿದೆ, ತಮ್ಮನ್ನು ತಾವು ಯಾರು ಅಂತ ಅವರು ಕರೆದುಕೊಳ್ಳುತ್ತಾರೆ, ಪ್ರಶ್ನೆ ಇವು. ಇದಕ್ಕೆ ಡಿಎನ್ಎ ಪರೀಕ್ಷೆ ಬೇಡ, ಅರಣ್ಯ ಇಲಾಖೆಯ ನಕ್ಷೆ ಸಾಕು.

ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ 'ಆದಿವಾಸಿ' ಅನ್ನುವ ಪದಕ್ಕಾಗಿ ವಾದ ಮಾಡಿದ್ದು ಸುಮ್ಮನೆ ಅಲ್ಲ. ಸಿಕ್ಕಿದ್ದು 'ಪರಿಶಿಷ್ಟ ಪಂಗಡ'. ಪಟ್ಟಿಗೆ ಸೇರಿದವರು ಅಂತ ಅರ್ಥ, ಅಷ್ಟೇ. ಪಟ್ಟಿ ಮಾಡಿದವನು ಸರ್ಕಾರ, ತೆಗೆಯೋನೂ ಸರ್ಕಾರ. ಆದಿವಾಸಿ ಅಂದರೆ ಹಾಗಲ್ಲ, ನೆಲದ ಸಂಬಂಧ ಆ ಹೆಸರಿನಲ್ಲೇ ಇದೆ. ಆಗಸ್ಟ್ 9ರಂದು ಮಾತ್ರ ಎಲ್ಲ ಪಕ್ಷದವರಿಗೂ ಈ ಪದ ನೆನಪಾಗುತ್ತೆ, ಶುಭಾಶಯ ಕೋರೋದಕ್ಕೆ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ನಾಗರಹೊಳೆ.

ಜೇನು ಕುರುಬರು, ಬೆಟ್ಟ ಕುರುಬರು, ಯರವರು ಬಾಳಿದ ಕಾಡು. ಅಲ್ಲಿಂದ ಅವರನ್ನು ಹೊರಗೆ ಹಾಕುವ ಕೆಲಸ ದಶಕಗಳಿಂದ ನಡೆದಿದೆ. ಅದೇ ಕಾಡಿನೊಳಗೆ 90ರ ದಶಕದಲ್ಲಿ ತಾಜ್ ಸಮೂಹದ ರೆಸಾರ್ಟಿಗೆ ಮಾತ್ರ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತ್ತು. ಮನುಷ್ಯರು ಇದ್ದರೆ ಹುಲಿಗೆ ತೊಂದರೆ, ಹೋಟೆಲ್ ಇದ್ದರೆ ಇಲ್ಲ! ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಕೋರ್ಟಿಗೆ ಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟು ರೆಸಾರ್ಟಿನ ವಿರುದ್ಧವೇ ತೀರ್ಪು ಕೊಟ್ಟಿತು.

ಅದೇ ಹೊತ್ತಿಗೆ ವಿಶ್ವಬ್ಯಾಂಕಿನ ದುಡ್ಡಿನಲ್ಲಿ ಪರಿಸರ ಅಭಿವೃದ್ಧಿ ಯೋಜನೆಯೊಂದು ಶುರುವಾಗಿತ್ತು. ದೇಶದ ಏಳು ರಕ್ಷಿತಾರಣ್ಯಗಳಲ್ಲಿ ನಾಗರಹೊಳೆಯೂ ಒಂದು. ಮೂಲನಿವಾಸಿಗಳು ಇರುವ ಕಡೆ ಬ್ಯಾಂಕ್ ಹೇಗೆ ನಡೆದುಕೊಳ್ಳಬೇಕು ಅನ್ನೋದಕ್ಕೆ ಅದರದ್ದೇ ಲಿಖಿತ ನೀತಿ ಇತ್ತು. ಅಲ್ಲಿಗೆ, ಸಭೆಯಲ್ಲಿ 'ಎಲ್ಲರೂ ಮೂಲನಿವಾಸಿಗಳೇ' ಅನ್ನುತ್ತಿದ್ದ ಸರ್ಕಾರ, ಸಾಲ ತರುವಾಗ ಆ ನೀತಿಗೆ ಒಳಪಟ್ಟ ಯೋಜನೆಗೇ ಸಹಿ ಹಾಕಿತ್ತು. ಡಾಲರ್ ಬಂದಾಗ ಗುರುತು ಸಿಕ್ಕಿತು ನೋಡಿ.. ಹಾಡಿಗಳ ಜನ 1998ರಲ್ಲಿ ಬ್ಯಾಂಕಿನ ಪರಿಶೀಲನಾ ಸಮಿತಿಗೆ ದೂರು ಕೊಟ್ಟರು. ತನಿಖೆ ಆಗಬೇಕು ಅಂತ ಸಮಿತಿ ಶಿಫಾರಸು ಮಾಡಿತು. ಬ್ಯಾಂಕಿನ ಆಡಳಿತ ಮಂಡಳಿ ತನಿಖೆಗೆ ಒಪ್ಪಲಿಲ್ಲ. ಅಂತರರಾಷ್ಟ್ರೀಯ ರಕ್ಷಣೆ ಅನ್ನೋದು ಎಷ್ಟು ದೂರ ಬರುತ್ತೆ, ಎಲ್ಲಿ ನಿಂತುಬಿಡುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದು.

ಹಾಗಾಗಿ ಕೊನೆಗೆ ಉಳಿಯೋದು ನಮ್ಮದೇ ಕಾನೂನು. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಒಂದಿಂಚೂ ಇಲ್ಲ. ಇಲ್ಲಿನ ಆದಿವಾಸಿಗಳ ಕೈಯಲ್ಲಿರುವ ದೊಡ್ಡ ಅಸ್ತ್ರ ಅಂದರೆ 2006ರ ಅರಣ್ಯ ಹಕ್ಕು ಕಾಯ್ದೆ. ಹಕ್ಕಿನ ಅರ್ಜಿ ಇತ್ಯರ್ಥ ಆಗುವವರೆಗೆ ಯಾರನ್ನೂ ಎಬ್ಬಿಸಬಾರದು ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ಒಡಿಶಾದ ನಿಯಮಗಿರಿಯಲ್ಲಿ ಗಣಿಗಾರಿಕೆ ಬೇಕೋ ಬೇಡವೋ ಅನ್ನುವ ಮೊದಲು ಗ್ರಾಮಸಭೆಗಳನ್ನು ಕೇಳಿ ಅಂತ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದೇ ಕಾಯ್ದೆಯ ಬಲದಿಂದ. ಹನ್ನೆರಡು ಗ್ರಾಮಸಭೆಗಳನ್ನು ಕೇಳಿದರು. ಹನ್ನೆರಡೂ 'ಬೇಡ' ಅಂದವು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಆಗೋದೇ ಇಲ್ಲ ಅನ್ನುವವರಿಗೆ ಆಗುತ್ತೆ ಅಂತ ತೋರಿಸಲು ಇಷ್ಟು ಸಾಕು.

ಹಾಗಾದರೆ ನಾಗರಹೊಳೆಯಲ್ಲಿ? 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದವು. ದಶಕಗಳ ಹಿಂದೆ ನಮ್ಮನ್ನು ಇಲ್ಲಿಂದ ಓಡಿಸಿದರು, ನಮ್ಮ ಹಿರಿಯರ ಸಮಾಧಿಗಳು, ದೇವರುಗಳು ಇಲ್ಲೇ ಇವೆ ಅನ್ನೋದು ಅವರ ಮಾತು. ಎದುರಿಗೆ ಬಂದು ನಿಂತಿದ್ದು ಅರಣ್ಯ ಇಲಾಖೆ, ಪೊಲೀಸರು.

"2005ರಲ್ಲಿ ಅವರು ಅಲ್ಲಿ ಇರಲಿಲ್ಲವಲ್ಲ, ಕಾಯ್ದೆ ಪ್ರಕಾರ ಹಕ್ಕು ಎಲ್ಲಿಂದ ಬಂತು?" ಅಂತ ಕೇಳುವ ಜಾಣರಿದ್ದಾರೆ. ಮೊದಲು ಮನೆಯಿಂದ ಹೊರಗೆ ಹಾಕಿ, ಆಮೇಲೆ ನೀನು ಮನೆಯಲ್ಲಿ ಇರಲೇ ಇಲ್ಲವಲ್ಲ ಅಂದ ಹಾಗಾಯ್ತು. ಕಾಯ್ದೆ ಬರೆದವರು ಅಷ್ಟು ದಡ್ಡರಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿ ಇಲ್ಲದೆ, ಕಾನೂನು ಮೀರಿ ಎಬ್ಬಿಸಿದವರಿಗೂ ಹಕ್ಕಿದೆ ಅಂತ ಮೂರನೇ ಕಲಮಿನಲ್ಲೇ ಬರೆದಿದ್ದಾರೆ. ಓದುವ ಮನಸ್ಸಿರಬೇಕು ಅಷ್ಟೇ.

ಇನ್ನೊಂದು ವಾದ: "ಯಾರನ್ನೂ ಬಲವಂತವಾಗಿ ಕಳಿಸ್ತಾ ಇಲ್ಲ. ಕುಟುಂಬಕ್ಕೆ 15 ಲಕ್ಷ ಕೊಡ್ತಾರೆ. ಶಾಲೆ, ಆಸ್ಪತ್ರೆ ಬೇಡವೇ ಅವರಿಗೆ? ಎಷ್ಟೋ ಜನ ತಾವಾಗಿಯೇ ಹೋಗಿದ್ದಾರೆ." ಹೌದು, ಹೋದವರಿದ್ದಾರೆ. ಹೋಗುವ ಇಷ್ಟ ಇದ್ದವರನ್ನು ತಡೆಯೋಕೆ ನಾನ್ಯಾರು? ಆದರೆ ಸ್ವಲ್ಪ ಯೋಚಿಸಿ. ನಿಮ್ಮ ಹೆಸರಿನಲ್ಲಿ ಪತ್ರ ಇರುವ ಸೈಟನ್ನು ಮಾರಿ ಅಂತ ಕೇಳಿದಾಗ ನೀವು ಕೊಡುವ ಒಪ್ಪಿಗೆ ಒಂದು ಥರ. ನಿನ್ನ ಹತ್ತಿರ ಪತ್ರವೇ ಇಲ್ಲ, ನೀನು ಒತ್ತುವರಿದಾರ, ಇವತ್ತು ಹೋದರೆ ದುಡ್ಡು, ನಾಳೆ ಹೇಗೋ ಗೊತ್ತಿಲ್ಲ ಅಂದಾಗ ಕೊಡುವ ಒಪ್ಪಿಗೆ ಇನ್ನೊಂದು ಥರ. 'ಬೇಡ' ಅನ್ನುವ ಶಕ್ತಿ ಇಲ್ಲದವನು ಹೇಳಿದ 'ಹೂಂ' ಒಪ್ಪಿಗೆಯೇ ಅಲ್ಲ. ಮೊದಲು ಹಕ್ಕುಪತ್ರ, ಆಮೇಲೆ ಒಪ್ಪಿಗೆಯ ಮಾತು. ವಿಶ್ವಸಂಸ್ಥೆಯ ಘೋಷಣೆ ಹೇಳೋದೂ, ನಮ್ಮ ಕಾಯ್ದೆ ಹೇಳೋದೂ ಇಷ್ಟೇ. ಹೀಗಿದ್ದೂ ಹುಲಿ ಯೋಜನೆಗಳ ಒಳಭಾಗದಿಂದ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರವನ್ನು ಆದ್ಯತೆಯ ಮೇಲೆ ಮಾಡಿ ಅಂತ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2024ರ ಜೂನ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ಹಕ್ಕುಪತ್ರ ಕೊಡುವ ವಿಷಯದಲ್ಲೂ ಇದೇ ಅವಸರ ತೋರಿಸಿದ್ದರೆ ನಾನು ಈ ಪೋಸ್ಟ್ ಬರೆಯಬೇಕಾಗಿರಲಿಲ್ಲ.

ಈಗ ಗುರುತಿಸದೇ ಇರೋದರ ಬೆಲೆ ಏನು ಅಂತ ಗೊತ್ತಾಯ್ತಲ್ಲ? ಹೆಸರು ಇಲ್ಲದಿದ್ದರೆ ಹಕ್ಕು ಇಲ್ಲ, ಹಕ್ಕು ಇಲ್ಲದಿದ್ದರೆ 'ಬೇಡ' ಅನ್ನೋ ಬಾಯಿ ಇಲ್ಲ. 'ನಾವೆಲ್ಲರೂ ಮೂಲನಿವಾಸಿಗಳೇ' ಅನ್ನುವ ಸಿಹಿ ಮಾತು ಕೊನೆಗೆ ಬಂದು ನಿಲ್ಲೋದು ಹಾಡಿಯ ಗುಡಿಸಲಿನ ಮುಂದೆ.

ಕೊನೆಯದಾಗಿ ನಮ್ಮ ಬಗ್ಗೆ, ಕನ್ನಡದ ಬ್ಲಾಗಿಗರ ಬಗ್ಗೆ. ನೆಲ, ಜಲ, ಭಾಷೆ ಅಂದ ಕೂಡಲೇ ನಮ್ಮ ಕೀಬೋರ್ಡು ಬಿಸಿಯಾಗುತ್ತೆ. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿಲ್ಲ ಅಂತ ಎಷ್ಟು ಪುಟ ಬರೆದಿದ್ದೇವೆ! ನಮ್ಮ ಊರಿನಲ್ಲಿ ನಮ್ಮನ್ನು ಕೇಳದೆ ತೀರ್ಮಾನ ಮಾಡ್ತಾರೆ ಅನ್ನುವ ಸಿಟ್ಟು ನಮಗೆ ಚೆನ್ನಾಗಿ ಅರ್ಥವಾಗುತ್ತೆ. ಆಗ ಯಾರಾದರೂ ಬಂದು "ಎಲ್ಲರೂ ಭಾರತೀಯರೇ ಅಲ್ವಾ, ಕನ್ನಡಿಗ ಅಂತ ಬೇರೆ ಯಾಕೆ?" ಅಂದರೆ ಸುಮ್ಮನಿರ್ತೀವಾ? ಅದೇ ಮಾತನ್ನು ಜೇನು ಕುರುಬನಿಗೆ ಹೇಳುವಾಗ ಮಾತ್ರ ನಮಗೆ ಅದು ಉದಾರವಾಗಿ ಕಾಣಿಸುತ್ತೆ. ಅವರ ಭಾಷೆ, ಅವರ ದೇವರು, ಅವರ ಕಾಡಿಗೂ ಈ ರಾಜ್ಯದಲ್ಲಿ ನಮ್ಮದರಷ್ಟೇ ಜಾಗ ಇರಬೇಕಲ್ವೇ?

ನಾನು ಕೇಳೋದು ಜಾಸ್ತಿ ಏನೂ ಇಲ್ಲ. ಭಾರತ 169ನೇ ಒಡಂಬಡಿಕೆಗೆ ಒಪ್ಪಿಗೆ ಕೊಡಲಿ. ನಮ್ಮ ರಾಜ್ಯ ಸರ್ಕಾರ ನಾಗರಹೊಳೆಯ ಹಾಡಿಗಳ ಅರ್ಜಿಗಳನ್ನು ಕಾಯ್ದೆಯ ಪ್ರಕಾರ, ಗ್ರಾಮಸಭೆಯ ಮುಂದೆ, ಕಾರಣ ಕೊಟ್ಟು ಇತ್ಯರ್ಥ ಮಾಡಲಿ, ಅಲ್ಲಿಯವರೆಗೆ ಸ್ಥಳಾಂತರದ ಮಾತು ನಿಲ್ಲಿಸಲಿ. ನಾವು ಬರೆಯುವವರು, ಮುಂದಿನ ಸಲ ಕಬಿನಿಯ ಸಫಾರಿಗೆ ಹೋಗಿ ಹುಲಿಯ ಫೋಟೋ ಹಾಕಿದಾಗ, ಆ ಜೀಪು ಹೋದ ದಾರಿಯಲ್ಲಿ ಮೊದಲು ಯಾವ ಹಾಡಿ ಇತ್ತು, ಅಲ್ಲಿದ್ದವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ ಅದನ್ನೂ ಬರೆಯೋಣ.

ಒಪ್ಪದವರು ಕಾಮೆಂಟು ಹಾಕಿ, ಜಗಳ ಆಡೋಣ. ಆದರೆ ದಯವಿಟ್ಟು "ನಾವೆಲ್ಲರೂ ಇಲ್ಲಿಯವರೇ ತಾನೇ" ಅಂತ ಮಾತ್ರ ಶುರು ಮಾಡಬೇಡಿ. ಅದಕ್ಕೆ ಉತ್ತರ ಮೇಲೆ ಬರೆದಾಗಿದೆ.