ನಡುರಾತ್ರಿಯ ಬೆವರೂ ಗೋಧಿಯ ಅಪವಾದವೂ

ಕರಾವಳಿಯವರಾದ ನಮಗೆ ಬೆವರು ಹೊಸತಲ್ಲ. ವೈಶಾಖದ ರಾತ್ರಿ ಕಾವೂರಿನಲ್ಲಿ ಬೆವರದೆ ಮಲಗುವವರಾರು? ಆದರೆ ಗಾಳಿ ತಣ್ಣಗಿರುವಾಗಲೂ ಹಾಸುಗೆ ತೊಯ್ಯುವಂತೆ ಬೆವರು ಸುರಿದರೆ ಅದನ್ನು ಸೆಕೆಯ ಲೆಕ್ಕಕ್ಕೆ ಬರೆಯಲಾಗದು. ಕಳೆದ ಧನುರ್ಮಾಸದಲ್ಲಿ ನನಗೆ ಹೀಗಾಯಿತು.

ಸಿಹಿಮೂತ್ರರೋಗದ ನಿಮಿತ್ತ ರಾತ್ರಿಯ ಕುಚ್ಚಲಕ್ಕಿ ಅನ್ನವನ್ನು ಬಿಟ್ಟು ಚಪಾತಿಯನ್ನು ಹಿಡಿದು ಎರಡು ವರ್ಷಗಳಾಗಿದ್ದುವು. ಹಿತೈಷಿಗಳೊಬ್ಬರು, "ಮಾಸ್ಟ್ರೇ, ನಿಮಗೆ ಗೋಧಿ ಆಗುವುದಿಲ್ಲ, ಅದರ ಗ್ಲುಟೆನ್ನಿನಿಂದಲೇ ಈ ಬೆವರು" ಎಂದರು. ನಾನು ನಂಬಿದೆನು. ಚಪಾತಿಯನ್ನು ತ್ಯಜಿಸಿ, ಒಂದು ಲೋಟ ಮಜ್ಜಿಗೆ ಕುಡಿದು ಮಲಗತೊಡಗಿದೆನು. ಸಂಜೆಯ ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ. ಐದನೆಯ ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಒದ್ದೆಯಾಗಿ, ಕೈ ನಡುಗಿ, ಮಾತು ತೊದಲಿತು. ನುಂಗುವಷ್ಟು ಎಚ್ಚರವಿದ್ದುದರಿಂದ ಮನೆಯಾಕೆ ಕುಡಿಸಿದ ಬೆಲ್ಲದ ನೀರು ನನ್ನನ್ನು ಉಳಿಸಿತು. ಮಾತ್ರೆಯಿಂದ ರಾತ್ರಿಯ ಹೊತ್ತು ರಕ್ತದ ಸಕ್ಕರೆ ಮಿತಿಮೀರಿ ಇಳಿಯುತ್ತಿದ್ದುದೇ ಮೊದಲಿನ ಬೆವರಿಗೂ ಕಾರಣವೆಂದೂ, ಊಟವನ್ನು ಬಿಟ್ಟು ನಾನೇ ಅಪಾಯವನ್ನು ಬರಮಾಡಿಕೊಂಡೆನೆಂದೂ ಮರುದಿನ ವೈದ್ಯರು ತಿಳಿಸಿದರು. ಅವರು ಮಾತ್ರೆಯನ್ನು ತಗ್ಗಿಸಿದ ಮೇಲೆ ಬೆವರು ನಿಂತಿತು. ಗೋಧಿ ನಿರಪರಾಧಿ!

ಹಾಗೆಂದು ಗೋಧಿಯ ದೋಷವೆಂಬುದು ಬರಿಯ ಕಲ್ಪನೆಯಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳ ಅಂಟಾದ ಗ್ಲುಟೆನ್ನನ್ನು ಕೆಲವರ ದೇಹವು ಶತ್ರುವೆಂದು ಬಗೆಯುತ್ತದೆ. ಆ ಕಾಳಗದಲ್ಲಿ ಸಣ್ಣಕರುಳಿನ ಒಳಪೊರೆಯೇ ಸವೆದುಹೋಗುತ್ತದೆ. ಇದಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಹಾಲೆಂಡಿನ ಮಕ್ಕಳ ವೈದ್ಯರಾದ ವಿಲೆಮ್ ಡಿಕ್ಕೆ ಎಂಬವರು 1950ರ ತಮ್ಮ ಪ್ರಬಂಧದಲ್ಲಿ ಗೋಧಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಅತಿಸಾರ, ಹೊಟ್ಟೆಯುಬ್ಬರ, ರಕ್ತಹೀನತೆ, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಇದರ ಮುಖ್ಯ ಲಕ್ಷಣಗಳು. ರಾತ್ರಿಯ ಬೆವರನ್ನು ಹೇಳಿಕೊಳ್ಳುವ ರೋಗಿಗಳುಂಟಾದರೂ ಅದೊಂದನ್ನೇ ಹಿಡಿದು ಗೋಧಿಯನ್ನು ದೂರುವುದು ಸಲ್ಲದು. ಕ್ಷಯ, ಮಲೇರಿಯಾ, ಥೈರಾಯ್ಡ್ ಗ್ರಂಥಿಯ ಅತಿವೇಗ, ಸ್ತ್ರೀಯರಿಗೆ ಮುಟ್ಟು ನಿಲ್ಲುವ ಕಾಲ, ಇವೆಲ್ಲವೂ ಇರುಳಿನಲ್ಲಿ ಬೆವರಿಸುತ್ತವೆ. ಬೆವರಿನೊಡನೆ ಕೆಮ್ಮು, ಜ್ವರ, ತೂಕದ ಇಳಿತ ಕಂಡರೆ ತಡಮಾಡದೆ ಕಫವನ್ನು ಪರೀಕ್ಷಿಸಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ತೆರಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ವಾಚಕರು ಮರೆಯಬಾರದು. ಗೋಧಿಯ ಮೇಲೆ ಸಂಶಯವಿದ್ದರೆ ಪರೀಕ್ಷೆಯಾಗುವವರೆಗೆ ಅದನ್ನು ಉಣ್ಣುತ್ತಲೇ ಇರಬೇಕು. ಉಣ್ಣುವುದನ್ನು ಬಿಟ್ಟರೆ ರಕ್ತದಲ್ಲಿ ಹುಡುಕಬೇಕಾದ ಗುರುತುಗಳು ಕ್ರಮೇಣ ಅಳಿದು, ರೋಗವಿದ್ದೂ ಇಲ್ಲವೆಂಬ ಉತ್ತರ ಬಂದೀತು.

ರೋಗವು ನಿಶ್ಚಯವಾದರೆ ಗೋಧಿಯನ್ನು ಆಜೀವ ವರ್ಜಿಸಬೇಕು. ತುಳುನಾಡಿನ ಅಡಿಗೆಮನೆಗೆ ಇದು ದೊಡ್ಡ ಕಷ್ಟವಲ್ಲ: ಗಂಜಿ, ನೀರುದೋಸೆ, ಪುಂಡಿ, ರಾಗಿಯ ಅಂಬಲಿ ಇವು ಯಾವುವೂ ಗ್ಲುಟೆನ್ನನ್ನು ಅರಿಯವು. ಆದರೆ ಬನ್ಸು, ಸಜ್ಜಿಗೆ, ಬಾರ್ಲಿ ನೀರುಗಳನ್ನು ಬಿಡಬೇಕು. ಪೇಟೆಯ ಇಂಗಿನ ಪುಡಿಯಲ್ಲಿಯೂ ಬಹುಶಃ ಗೋಧಿಹಿಟ್ಟು ಬೆರೆತಿರುವುದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ರೋಗದ ಮೂಲವನ್ನು ಕಂಡುಹಿಡಿಯುವುದಕ್ಕೆ ಸಂಸ್ಕೃತದಲ್ಲಿ 'ನಿದಾನ' ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳು ಅದನ್ನು 'ನಿಧಾನ' ಎಂದು ಬರೆದಾಗ ನಾನು ಕೆಂಪು ಗೆರೆ ಎಳೆಯುತ್ತಿದ್ದೆನು. ಈಗ ತೋರುತ್ತದೆ, ಮಕ್ಕಳದು ಪೂರ್ತಿ ತಪ್ಪಾಗಿರಲಿಲ್ಲ: ವೈದ್ಯರ ಬಳಿಗೆ ಹೋಗುವುದರಲ್ಲಿ ನಿಧಾನ ಕೂಡದು, ಕಾರಣವಿದೇ ಎಂದು ತೀರ್ಮಾನಿಸುವುದರಲ್ಲಿ ನಿಧಾನ ಬೇಕೇ ಬೇಕು.